ಗೆಳತಿ ತನ್ನ ಚರ್ಚಿಗೆ ಕರೆದಿದ್ದಾಳೆ. ಕಪ್ಪು ಅಮೆರಿಕನ್ನರ ಭಕ್ತಿ, ಹಾಡು, ಇತಿಹಾಸದಿಂದ ನಮ್ಮಂಥವರು ದಿನನಿತ್ಯಕ್ಕೆ ಏನು ತೆಗೆದುಕೊಳ್ಳಬಹುದು?

ಕೆಂಡಸಂಪಿಗೆ (ಅಟ್ಲಾಂಟಾ):

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಅಟ್ಲಾಂಟಾ ಹತ್ತಿರ ಇದ್ದೇನೆ, ಐಟಿ ಕೆಲಸ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಗೆಳತಿ ಕಪ್ಪು ಅಮೆರಿಕನ್, ಹುಟ್ಟಿ ಬೆಳೆದದ್ದು ಅಲಬಾಮಾದ ಮಾಂಟ್‌ಗಮರಿಯಲ್ಲಿ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಊಟದ ಡಬ್ಬಿ ಬಿಸಿ ಮಾಡುವಾಗ ಶುರುವಾದ ಮಾತು ಈಗ ಮನೆಯ ಕಷ್ಟಸುಖದ ತನಕ ಬಂದಿದೆ. ಹೋದ ವರ್ಷ ಊರಲ್ಲಿ ಅಮ್ಮನಿಗೆ ಹುಷಾರಿಲ್ಲದೆ ಆಸ್ಪತ್ರೆ ಸೇರಿದ್ದಾಗ ಅವಳು ತನ್ನ ಚರ್ಚಿನ ಪ್ರಾರ್ಥನೆಯ ಪಟ್ಟಿಯಲ್ಲಿ ಅಮ್ಮನ ಹೆಸರು ಬರೆಸಿದಳು. ಸುಮ್ನೆ ಬರೆಸಿ ಕೈಬಿಡಲಿಲ್ಲ. ಅಷ್ಟು ಜನರ ಮುಂದೆ ಹೆಸರು ತಪ್ಪಾಗಿ ಓದಬಾರದು ಅಂತ ನನ್ನ ಬಾಯಲ್ಲೇ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಕಾರಿನಲ್ಲಿ ಹೋಗುವಾಗ ಬರುವಾಗ ಅದನ್ನೇ ಹಾಕಿಕೊಂಡು ಅಭ್ಯಾಸ ಮಾಡಿದ್ದಳು. ನಮ್ಮ ನೆಂಟರಲ್ಲೇ ಎಷ್ಟೋ ಜನ ಒಂದು ಫೋನ್ ಕೂಡ ಮಾಡಿರಲಿಲ್ಲ, ಇರಲಿ ಬಿಡಿ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮದು ಮಾಮೂಲಿ ಮನೆ. ಬೆಳಿಗ್ಗೆ ದೀಪ ಹಚ್ಚುತ್ತೇನೆ, ಹಬ್ಬಕ್ಕೆ ಪೂಜೆ, ದೇವಸ್ಥಾನಕ್ಕೆ ಆಗೊಮ್ಮೆ ಈಗೊಮ್ಮೆ. ಆದರೆ ನಿಜ ಹೇಳಬೇಕೆಂದರೆ ಕೈ ದೀಪ ಹಚ್ಚುತ್ತಿರುತ್ತದೆ, ತಲೆ ಒಂಬತ್ತು ಗಂಟೆಯ ಮೀಟಿಂಗಿನಲ್ಲಿ ಇರುತ್ತದೆ. ಅವಳನ್ನು ನೋಡಿದರೆ ಹಾಗಲ್ಲ. ಕೆಲಸದ ಒತ್ತಡ ಅವಳಿಗೇ ಜಾಸ್ತಿ, ಮನೆಯಲ್ಲಿ ವಯಸ್ಸಾದ ಅಪ್ಪ ಇದ್ದಾರೆ, ಆದರೂ ಏನೋ ಒಂದು ಹಾಡು ಗುನುಗುತ್ತಾ ಸ್ಪ್ರೆಡ್‌ಶೀಟ್ ತುಂಬಿಸುತ್ತಿರುತ್ತಾಳೆ. ಎಲ್ಲಿಂದ ಬರುತ್ತದೆ ಈ ಶಕ್ತಿ ಅಂತ ಕೇಳಿದೆ. ‘ಭಾನುವಾರ ಬಾ, ನೋಡುವೆಯಂತೆ’ ಅಂದಳು.

ಹೋಗಬೇಕೆಂಬ ಆಸೆ ಇದೆ. ಆದರೆ ಹಿಂದೂ ಆಗಿ ಅಲ್ಲಿ ಹೇಗೆ ನಡೆದುಕೊಳ್ಳಬೇಕು? ಪ್ರವಾಸಿಯ ಹಾಗೆ ಕಣ್ಣುಬಿಟ್ಟು ಕೂರದೆ ಇರಲು ಅವರ ಇತಿಹಾಸ ಎಷ್ಟು ಗೊತ್ತಿರಬೇಕು? ಇನ್ನೊಂದು, ಅವರು ಅಷ್ಟು ನೋವು ತಿಂದು ಕಟ್ಟಿಕೊಂಡದ್ದನ್ನು ನಾನು ನನ್ನ ಸೋಮವಾರದ ಬೇಸರಕ್ಕೆ ಟಾನಿಕ್ ಮಾಡಿಕೊಳ್ಳುವುದು ಸರಿಯಾ? ಯಜಮಾನರು ‘ಹೋಗಿ ಬಾ, ಇಷ್ಟೆಲ್ಲಾ ಯೋಚನೆ ಯಾಕೆ’ ಅನ್ನುತ್ತಾರೆ. ಅವರು ಎಲ್ಲದಕ್ಕೂ ಹಾಗೇ ಅನ್ನುವುದು.

ದಾರಿಹೋಕ (ಜಾರ್ಜಿಯಾ):

ತಂಗೀ, ಧೈರ್ಯವಾಗಿ ಹೋಗು. ನಾನು ಈ ಕಡೆ ಬಂದು ಬಹಳ ವರ್ಷ ಆಯಿತು, ಗೆಳೆಯರ ಜೊತೆ ಎಷ್ಟೋ ಸಲ ಹೋಗಿದ್ದೇನೆ, ಮದುವೆಗೆ, ಸಾವಿಗೆ, ಸುಮ್ನೆ ಭಾನುವಾರಕ್ಕೆ ಕೂಡ. ಯಾರೂ ನನ್ನ ಜಾತಕ ಕೇಳಿಲ್ಲ.

ಗೊತ್ತಿರಬೇಕಾದದ್ದು ಹೇಳುತ್ತೇನೆ. ಚೆನ್ನಾಗಿ ಬಟ್ಟೆ ಹಾಕಿಕೊಂಡು ಹೋಗು, ಜೀನ್ಸ್ ಬೇಡ, ಸೀರೆ ಆದರೂ ನಡೆಯುತ್ತದೆ. ಅಲ್ಲಿನ ಹಿರಿಯ ಹೆಂಗಸರ ಟೋಪಿ ನೋಡಿದರೆ ನಿನಗೇ ಗೊತ್ತಾಗುತ್ತದೆ, ವಾರವೆಲ್ಲ ಬೇರೆಯವರ ಮನೆಯಲ್ಲಿ ದುಡಿದ ಅಜ್ಜಿಯರು ಭಾನುವಾರ ಮಹಾರಾಣಿಯರ ಹಾಗೆ ಬರುತ್ತಿದ್ದರಂತೆ, ಆ ಪದ್ಧತಿ ಈಗಲೂ ಉಳಿದಿದೆ. ಬಾಗಿಲಲ್ಲಿ ಬಿಳಿ ಕೈಗವಸು ಹಾಕಿದವರು ನಿಂತಿರುತ್ತಾರೆ, ಅವರು ತೋರಿಸಿದ ಕಡೆ ಕೂರಬೇಕು. ಹೊಸಬರು ಎದ್ದು ನಿಲ್ಲಿ ಅನ್ನಬಹುದು, ನಿಂತು ನಮಸ್ಕಾರ ಹೇಳು, ಅಷ್ಟೇ. ತಿಂಗಳ ಮೊದಲ ಭಾನುವಾರ ಆದರೆ ರೊಟ್ಟಿ, ದ್ರಾಕ್ಷಿರಸ ಹಂಚುತ್ತಾರೆ, ಅದು ಅವರ ದೀಕ್ಷೆಯ ವಿಷಯ, ತೆಗೆದುಕೊಳ್ಳದೆ ಕೂತರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೊನೆಯಲ್ಲಿ ಮುಂದೆ ಬನ್ನಿ ಎಂದು ಕರೆದಾಗಲೂ ಹಾಗೇ. ಕಾಣಿಕೆಯ ತಟ್ಟೆ ಬಂದಾಗ ಏನಾದರೂ ಹಾಕು. ಎರಡು ಗಂಟೆ ಮೀರಬಹುದು, ತಿಂಡಿ ತಿಂದು ಹೋಗು.

ಪಾದ್ರಿ ಮೊದಲು ತುಂಬಾ ನಿಧಾನ ಶುರು ಮಾಡುತ್ತಾರೆ. ಜನ ಸುಮ್ಮನೆ ಕೂತು ಕೇಳುವುದಿಲ್ಲ, ‘ವೆಲ್’, ‘ಏಮೆನ್’, ‘ಟೇಕ್ ಯುವರ್ ಟೈಮ್’ ಅಂತ ಉತ್ತರ ಕೊಡುತ್ತಲೇ ಇರುತ್ತಾರೆ. ಹೋಗ್ತಾ ಹೋಗ್ತಾ ಮಾತು ಹಾಡಿಗೆ ತಿರುಗುತ್ತದೆ, ಹಿಂದಿನಿಂದ ಹ್ಯಾಮಂಡ್ ಆರ್ಗನ್ ಎಂಬ ವಿದ್ಯುತ್ ವಾದ್ಯ ಆ ಮಾತಿಗೇ ಶ್ರುತಿ ಹಿಡಿಯುತ್ತದೆ. ಒಂದು ಎಚ್ಚರಿಕೆ. ನಾವು ಭಜನೆಯಲ್ಲಿ ಮೊದಲ ಪೆಟ್ಟಿಗೇ ಚಪ್ಪಾಳೆ ಹಾಕುವವರು. ಅಲ್ಲಿ ಎರಡನೆಯ, ನಾಲ್ಕನೆಯ ಪೆಟ್ಟಿಗೆ. ಪಕ್ಕದವರ ಕೈ ನೋಡಿಕೊಂಡು ಹಾಕು, ಇಲ್ಲದಿದ್ದರೆ ಇಡೀ ಸಾಲು ತಿರುಗಿ ನೋಡುತ್ತದೆ!

ಇತಿಹಾಸ ಅಂದೆಯಲ್ಲ, ನೀನಿರುವ ಊರೇ ಸಾಕು. ಆಬರ್ನ್ ಅವೆನ್ಯೂದ ಎಬೆನೀಜರ್ ಬ್ಯಾಪ್ಟಿಸ್ಟ್ ಚರ್ಚ್ 1886ರದು, ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಮನೆ ಅದೇ ಬೀದಿಯಲ್ಲಿದೆ, ನಡೆದೇ ಹೋಗಬಹುದು. ಸ್ಪೆಲ್ಮನ್ ಕಾಲೇಜು ಇದೆಯಲ್ಲ, ಕಪ್ಪು ಹೆಣ್ಣುಮಕ್ಕಳ ಕಾಲೇಜು, ಅದು 1881ರಲ್ಲಿ ಶುರುವಾದದ್ದು ಫ್ರೆಂಡ್‌ಶಿಪ್ ಬ್ಯಾಪ್ಟಿಸ್ಟ್ ಚರ್ಚಿನ ನೆಲಮಾಳಿಗೆಯಲ್ಲಿ, ಹನ್ನೊಂದು ಜನ ವಿದ್ಯಾರ್ಥಿನಿಯರಿಂದ. ಗುಲಾಮಗಿರಿ ಮುಗಿದು ಆಗಿನ್ನೂ ಹದಿನಾರು ವರ್ಷ. ಓದು ಕಲಿತರೆ ಹೊಡೆತ ತಿನ್ನಬೇಕಿದ್ದ ಕಾಲ ಕಂಡವರೂ ಅಲ್ಲಿ ಕೂತು ಅಕ್ಷರ ಕಲಿತರು. ಅಂದರೆ ಚರ್ಚ್ ಅವರಿಗೆ ಪೂಜೆಯ ಜಾಗ ಮಾತ್ರ ಆಗಿರಲಿಲ್ಲ. ಶಾಲೆ, ಬ್ಯಾಂಕು, ಸಭೆ, ಊಟ, ಎಲ್ಲ ಅಲ್ಲೇ, ಯಾಕೆಂದರೆ ಅವರದು ಎನ್ನುವ ಕಟ್ಟಡ ಅದೊಂದೇ ಇತ್ತು.

ನಮ್ಮ ಕಡೆಯ ನಂಟು ಒಂದಿದೆ, ಹೆಚ್ಚು ಜನರಿಗೆ ಗೊತ್ತಿಲ್ಲ. ಮುಂದೆ ಇಲ್ಲಿನ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದ ಬೆಂಜಮಿನ್ ಮೇಸ್, ಕಿಂಗ್ ಅವರ ಗುರು, 1937ರ ಜನವರಿಯಲ್ಲಿ ವೈಎಂಸಿಎ ಎಂಬ ಕ್ರೈಸ್ತ ಯುವಕರ ಸಂಘದ ವಿಶ್ವ ಸಮ್ಮೇಳನಕ್ಕೆ ಮೈಸೂರಿಗೆ ಬಂದಿದ್ದರು. ಅದೇ ಪ್ರವಾಸದಲ್ಲಿ ಗಾಂಧೀಜಿಯನ್ನೂ ಕಂಡರು. ದಲಿತ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಇವರನ್ನು ಕರೆಸಿ, ಇವರೂ ಅಮೆರಿಕದ ಅಸ್ಪೃಶ್ಯರು, ಆದರೂ ಇಷ್ಟು ದೊಡ್ಡವರಾಗಿದ್ದಾರೆ ನೋಡಿ ಎಂದು ಮಕ್ಕಳಿಗೆ ಪರಿಚಯಿಸಿದರಂತೆ. ಮೇಸ್ ಅವರಿಗೆ ಮೊದಲು ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಹೌದಲ್ಲ, ನನ್ನ ದೇಶದಲ್ಲಿ ನಾನು ಅದೇ ತಾನೇ ಅಂತ. ಇದನ್ನು ಅವರೇ ಆತ್ಮಕತೆಯಲ್ಲಿ ಬರೆದುಕೊಂಡಿದ್ದಾರೆ. ಅವರ ಅಪ್ಪ ಅಮ್ಮ ಗುಲಾಮಗಿರಿಯಲ್ಲಿ ಹುಟ್ಟಿದವರು. 1968ರಲ್ಲಿ ಕಿಂಗ್ ಅವರ ಅಂತ್ಯಕ್ರಿಯೆಯ ದಿನ ಶಿಷ್ಯನ ಬಗ್ಗೆ ಮಾತಾಡಿದವರೂ ಇವರೇ. ಮೈಸೂರಿನವರು ಯಾರಾದರೂ ಇದ್ದರೆ ಆ ಶಾಲೆ ಯಾವುದು ಹುಡುಕಿ ಮಾರಾಯರೇ.

ಚಳಿಗಾಲ (ಶಿಕಾಗೋ):

ದಾರಿಹೋಕ ಸರ್ ಎಲ್ಲಾ ಹೇಳಿಬಿಟ್ಟರು. ನಾನು ಹಾಡಿನ ವಿಷಯ ಮಾತ್ರ ಸೇರಿಸುತ್ತೇನೆ, ಯಾಕೆಂದರೆ ನಿಮ್ಮ ಗೆಳತಿ ಗುನುಗುವುದು ಬಹುಶಃ ಗಾಸ್ಪೆಲ್, ಅಂದರೆ ಕಪ್ಪು ಚರ್ಚುಗಳ ಭಕ್ತಿಗೀತೆ, ಅದು ಬೆಳೆದದ್ದು ನಮ್ಮ ಊರಿನ ಸೌತ್ ಸೈಡ್‌ನಲ್ಲಿ.

ಥಾಮಸ್ ಡಾರ್ಸಿ ಅಂತ ಒಬ್ಬ ಪಿಯಾನೋ ವಾದಕ. ನಿಮ್ಮ ಜಾರ್ಜಿಯಾದವನೇ, ವಿಲ್ಲಾ ರಿಕಾ ಎಂಬ ಊರು. ಮೊದಲು ಬ್ಲೂಸ್ ಎಂಬ ಲೌಕಿಕ ಹಾಡು ನುಡಿಸುತ್ತಿದ್ದ, ಅದೂ ಪೋಲಿ ಹಾಡುಗಳು, ಆಮೇಲೆ ಚರ್ಚಿನ ಹಾಡಿಗೆ ಬಂದ. ದೊಡ್ಡ ದೊಡ್ಡ ಚರ್ಚುಗಳು ಮೊದಮೊದಲು ಬಾಗಿಲು ಹಾಕಿಕೊಂಡವು, ಇದೇನು ಬಾರಿನ ತಾಳ ಒಳಗೆ ತರುತ್ತಿದ್ದಾನೆ ಅಂತ. 1932ರ ಆಗಸ್ಟ್‌ನಲ್ಲಿ ಅವನು ಸೇಂಟ್ ಲೂಯಿಸ್‌ಗೆ ಹಾಡಲು ಹೋಗಿದ್ದಾಗ ತಂತಿ ಬಂತು. ಹೆರಿಗೆಯಲ್ಲಿ ಹೆಂಡತಿ ನೆಟ್ಟಿ ತೀರಿಕೊಂಡಿದ್ದಳು. ಊರಿಗೆ ಬಂದ ಮೇಲೆ ಮಗುವೂ ಹೋಯಿತು. ತಾಯಿ ಮಗುವನ್ನು ಒಂದೇ ಪೆಟ್ಟಿಗೆಯಲ್ಲಿ ಮಣ್ಣು ಮಾಡಿದರು. ದೇವರು ನನಗೆ ಅನ್ಯಾಯ ಮಾಡಿದ, ಇನ್ನು ಅವನಿಗಾಗಿ ಒಂದು ಸಾಲೂ ಬರೆಯುವುದಿಲ್ಲ, ಮತ್ತೆ ಬ್ಲೂಸ್‌ಗೇ ಹೋಗುತ್ತೇನೆ ಎಂದು ಮನಸ್ಸು ಮಾಡಿದ್ದ. ಇದನ್ನೂ ಅವನೇ ಆಮೇಲೆ ಹೇಳಿಕೊಂಡದ್ದು.

ಆಗ ಬಂದವನು ಗೆಳೆಯ ಥಿಯೊಡೋರ್ ಫ್ರೈ. ಉಪದೇಶ ಗಿಪದೇಶ ಮಾಡಲಿಲ್ಲ. ಪಿಯಾನೋ ಇರುವ ಒಂದು ಖಾಲಿ ಕೋಣೆಗೆ ಅವನನ್ನು ಕರೆದುಕೊಂಡು ಹೋದ. ಅಲ್ಲಿ ಸುಮ್ನೆ ಬೆರಳಾಡಿಸುತ್ತಾ ಇದ್ದಾಗ ‘ಪ್ರೆಷಸ್ ಲಾರ್ಡ್’ ಬಂತು, ಕೈ ಹಿಡಿದು ನಡೆಸು, ದಣಿದಿದ್ದೇನೆ ಎನ್ನುವ ಅರ್ಥದ ಹಾಡು. ಅದನ್ನು ಮೊದಲು ಹಾಡಿದ ಚರ್ಚಿನ ಹೆಸರೂ ಎಬೆನೀಜರ್, ಆದರೆ ಶಿಕಾಗೋದ್ದು. ಕಿಂಗ್ ಅವರಿಗೆ ಇದು ಬಹಳ ಇಷ್ಟದ ಹಾಡು. ಮೆಂಫಿಸ್‌ನಲ್ಲಿ ಗುಂಡು ಬೀಳುವ ಸ್ವಲ್ಪ ಮುಂಚೆ ಬಾಲ್ಕನಿಯಲ್ಲಿ ನಿಂತು, ಇವತ್ತು ರಾತ್ರಿ ಸಭೆಯಲ್ಲಿ ಇದನ್ನು ನುಡಿಸಿ ಎಂದು ಸಂಗೀತಗಾರ ಬೆನ್ ಬ್ರಾಂಚ್‌ಗೆ ಹೇಳಿದ್ದರು. ಕೊನೆಗೆ ಅವರ ಅಂತ್ಯಕ್ರಿಯೆಯಲ್ಲಿ ಗಾಸ್ಪೆಲ್ ಗಾಯಕಿ ಮಹಾಲಿಯಾ ಜಾಕ್ಸನ್ ಅದನ್ನು ಹಾಡಿದಳು.

ನನಗೆ ಇದರಲ್ಲಿ ಹಿಡಿಸುವುದು ಫ್ರೈ. ಡಾರ್ಸಿಯ ಹೆಸರು ಎಲ್ಲರಿಗೂ ಗೊತ್ತು, ಗೆಳೆಯನನ್ನು ಮನೆಯಿಂದ ಎಬ್ಬಿಸಿ ಹೊರಗೆ ಕರೆದುಕೊಂಡು ಹೋದವನು ಯಾರಿಗೂ ನೆನಪಿಲ್ಲ. ಅಕ್ಕಾ, ನೀವು ‘ಶಕ್ತಿ ಎಲ್ಲಿಂದ’ ಅಂತ ಕೇಳಿದಿರಲ್ಲ, ಒಬ್ಬರೇ ಕೂತು ಧ್ಯಾನ ಮಾಡಿ ಬಂದದ್ದಲ್ಲ ಅದು, ಯಾರೋ ಒಬ್ಬರು ಬಾಗಿಲು ತಟ್ಟಿರುತ್ತಾರೆ.

ಕೇಳಲು ಶುರು ಮಾಡುವುದಾದರೆ ಮಹಾಲಿಯಾಳ ಹಳೆಯ ರೆಕಾರ್ಡಿಂಗ್‌ಗಳಿಂದ ಶುರು ಮಾಡಿ. ಇನ್ನೂ ಹಿಂದಕ್ಕೆ ಹೋದರೆ ಫಿಸ್ಕ್ ಜುಬಿಲೀ ಸಿಂಗರ್ಸ್. 1871ರಲ್ಲಿ ನ್ಯಾಶ್‌ವಿಲ್‌ನ ಫಿಸ್ಕ್ ಶಾಲೆಗೆ ದುಡ್ಡಿಲ್ಲದೆ ಮುಚ್ಚುವ ಪರಿಸ್ಥಿತಿ ಬಂದಾಗ ವಿದ್ಯಾರ್ಥಿಗಳೇ ಊರೂರು ತಿರುಗಿ ಗುಲಾಮರ ಹಾಡು ಹಾಡಿ ಹಣ ತಂದರು. ಎರಡು ವರ್ಷದಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಆ ದುಡ್ಡಿನಲ್ಲಿ ಕಟ್ಟಿದ ಜುಬಿಲೀ ಹಾಲ್ ಈಗಲೂ ನಿಂತಿದೆ.

ನೇರಮಾತು (ನ್ಯೂಜೆರ್ಸಿ):

ಎಲ್ಲಾ ಸರಿ. ನಾನು ಸ್ವಲ್ಪ ಖಾರವಾಗಿ ಬರೆಯುತ್ತೇನೆ.

ನಮ್ಮವರು ಗಾಸ್ಪೆಲ್ ಕೇಳುತ್ತಾರೆ, ಕಿಂಗ್ ಅವರ ಮಾತನ್ನು ಲಿಂಕ್ಡ್‌ಇನ್‌ನಲ್ಲಿ ಹಾಕುತ್ತಾರೆ, ಮನೆ ಕೊಳ್ಳುವಾಗ ಮಾತ್ರ ‘ಆ ಏರಿಯಾ ಬೇಡ, ಅಲ್ಲಿ ಅವರು ಜಾಸ್ತಿ’ ಅನ್ನುತ್ತಾರೆ. ಮಗಳು ಕಪ್ಪು ಹುಡುಗನ ಜೊತೆ ಸಿನಿಮಾಗೆ ಹೋದರೆ ಮನೆಯಲ್ಲಿ ಸೂತಕ. ಸ್ಫೂರ್ತಿ ಬೇಕು, ಸಂಬಂಧ ಬೇಡ. ಮೇಡಂ, ನಿಮ್ಮ ಬಗ್ಗೆ ಅಲ್ಲ ಇದು, ನೀವು ಗೆಳತಿಯಿಂದ ಶುರು ಮಾಡಿದ್ದೀರಿ, ಅದೇ ಸರಿಯಾದ ದಾರಿ. ಆದರೆ ಈ ಗುಂಪಿನಲ್ಲಿ ಓದುವವರು ಎಲ್ಲರೂ ಇದ್ದಾರಲ್ಲ. ನಾವು ಇಲ್ಲಿ ಬಂದು ಕೂತಿರುವುದೇ 1965ರ ವಲಸೆ ಕಾನೂನಿನಿಂದ. ಬಣ್ಣ, ದೇಶ ನೋಡಿ ಆಳನ್ನು ಆರಿಸುವ ಹಳೆಯ ಪದ್ಧತಿ ಹೋದದ್ದು ನಾಗರಿಕ ಹಕ್ಕಿನ ಹೋರಾಟದ ಗಾಳಿಯಲ್ಲಿ. ಅವರು ಲಾಠಿ ತಿಂದರು, ಬಾಗಿಲು ನಮಗೂ ತೆರೆಯಿತು. ಇದು ಗೊತ್ತಿಟ್ಟುಕೊಂಡು ಚರ್ಚಿನಲ್ಲಿ ಕೂತರೆ ಸಾಕು, ಪ್ರವಾಸಿ ಅನ್ನಿಸುವುದಿಲ್ಲ.

ಗೆಳತಿ ಮಾಂಟ್‌ಗಮರಿಯವಳು ಅಂದಿರಿ. ಹಾಗಾದರೆ ಜಾರ್ಜಿಯಾ ಗಿಲ್ಮೋರ್ ಬಗ್ಗೆ ಅವಳನ್ನು ಕೇಳಿ, ಖಂಡಿತ ಗೊತ್ತಿರುತ್ತದೆ. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಸ್ಸಿನಲ್ಲಿ ಬಿಳಿಯನಿಗೆ ಎದ್ದು ಜಾಗ ಬಿಡಲಿಲ್ಲ, ಬಂಧನವಾಯಿತು, ಅದು ಪಠ್ಯಪುಸ್ತಕದಲ್ಲಿದೆ. ಆದರೆ ಆಮೇಲೆ ಪ್ರತಿಭಟನೆಗಾಗಿ 381 ದಿನ ಕಪ್ಪು ಜನ ಬಸ್ ಹತ್ತದೆ ಕೆಲಸಕ್ಕೆ ಹೋದದ್ದು ಹೇಗೆ? ಕಾರುಗಳಲ್ಲಿ. ಚರ್ಚುಗಳ ಹೆಸರಿನಲ್ಲಿ ದೊಡ್ಡ ಕಾರು ಕೊಂಡು ಜನರನ್ನು ಸಾಗಿಸಿದರು. ಪೆಟ್ರೋಲಿಗೆ ದುಡ್ಡು? ಅಲ್ಲಿ ಬರುವುದು ಗಿಲ್ಮೋರ್. ಒಂದು ಹೋಟೆಲಿನಲ್ಲಿ ಅಡುಗೆಯವಳು, ಮಕ್ಕಳಿರುವ ತಾಯಿ, ಮಾತು ಬಲು ಜೋರು. ಇನ್ನಷ್ಟು ಹೆಂಗಸರನ್ನು ಸೇರಿಸಿಕೊಂಡು ಹುರಿದ ಕೋಳಿ, ಕೇಕ್, ಸಿಹಿಗೆಣಸಿನ ಪೈ ಮಾಡಿ ಬ್ಯೂಟಿ ಪಾರ್ಲರ್, ಲಾಂಡ್ರಿ, ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಮಾರಿಸಿದಳು. ಬಂದ ದುಡ್ಡನ್ನು ವಾರದ ಸಭೆಯಲ್ಲಿ ತಂದು ಸುರಿಯುತ್ತಿದ್ದಳು. ಮಾಡಿದವರ ಹೆಸರು ಹೊರಗೆ ಬಂದರೆ ಕೆಲಸ ಹೋಗುತ್ತಿತ್ತು. ಅದಕ್ಕೇ ಗುಂಪಿಗೆ ‘ಕ್ಲಬ್ ಫ್ರಮ್ ನೋವೇರ್’ ಅಂತ ಹೆಸರು, ದುಡ್ಡು ಎಲ್ಲಿಂದ ಬಂತು ಅಂದರೆ ‘ಎಲ್ಲಿಂದಲೂ ಇಲ್ಲ’. ಬಿಳಿಯರೂ ಗೊತ್ತಿಲ್ಲದೆಯೋ ಗೊತ್ತಿದ್ದೋ ಕೊಂಡು ತಿಂದರು.

1956ರಲ್ಲಿ ಈ ಬಸ್ ಬಹಿಷ್ಕಾರಕ್ಕಾಗಿ ಕಿಂಗ್ ಮೇಲೆ ಹಾಕಿದ ಕೇಸಿನಲ್ಲಿ ಸಾಕ್ಷಿ ಹೇಳಿದ್ದಕ್ಕೆ ಅವಳ ಕೆಲಸ ಹೋಯಿತು. ನಿಮ್ಮ ಮನೆಯಲ್ಲೇ ಅಡುಗೆ ಮಾಡಿ ಮಾರಿ ಎಂದು ಕಿಂಗ್ ಬೆನ್ನು ತಟ್ಟಿದರು. ಆಮೇಲೆ ಅವಳ ಊಟದ ಮನೆಯಲ್ಲಿ ಕೂತೇ ಎಷ್ಟೋ ಚರ್ಚೆ ನಡೆದವು. 1990ರಲ್ಲಿ, ಮತದಾನದ ಹಕ್ಕಿಗಾಗಿ ನಡೆದ ಸೆಲ್ಮಾ ನಡಿಗೆಯ 25ನೇ ವರ್ಷದ ನೆನಪಿಗೆ ಬರುವವರಿಗೆ ಅಡುಗೆ ಮಾಡುತ್ತಿದ್ದಾಗಲೇ ಕಾಯಿಲೆ ಬಿದ್ದು ತೀರಿಕೊಂಡಳು. ಅವಳು ಮಾಡಿಟ್ಟಿದ್ದನ್ನೇ ಸಾವಿಗೆ ಬಂದವರಿಗೆ ಬಡಿಸಿದರು.

ನಿಮ್ಮ ‘ದಿನನಿತ್ಯ’ ಎನ್ನುವ ಪ್ರಶ್ನೆಗೆ ನನ್ನ ಉತ್ತರ ಇದು. ನಮ್ಮ ಅಡುಗೆ, ನಮ್ಮ ಕಾರು, ನಮ್ಮ ಶನಿವಾರ, ಇವನ್ನು ಬೇರೆಯವರ ಕೆಲಸಕ್ಕೆ ಕೊಟ್ಟು ನೋಡಿ. ಭಾಷಣ ಕೇಳಿ ಮೈ ಜುಮ್ಮೆನ್ನುವುದು ಎರಡು ನಿಮಿಷ.

ಕೆಂಡಸಂಪಿಗೆ:

ನೇರಮಾತು ಸರ್, ಖಾರ ಇದ್ದರೂ ಬೇಕಾದದ್ದೇ. ಇವತ್ತು ಊಟದ ಹೊತ್ತಿನಲ್ಲಿ ಗಿಲ್ಮೋರ್ ಹೆಸರು ಎತ್ತಿದೆ ಅಷ್ಟೇ, ಅವಳು ಫೋರ್ಕ್ ಕೆಳಗಿಟ್ಟು ‘ನಿನಗೆ ಹೇಗೆ ಗೊತ್ತು’ ಅಂದಳು. ಅವಳ ಅಜ್ಜಿ ಬಸ್ ಬಿಟ್ಟು ನಡೆದವರಲ್ಲಿ ಒಬ್ಬರಂತೆ. ಬಿಳಿಯರ ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಕೆಲಸ, ಹೋಗಿ ಬರಲು ಕಾಲ್ನಡಿಗೆ, ಅವರ ಬೂಟನ್ನು ಮನೆಯಲ್ಲಿ ಇನ್ನೂ ಇಟ್ಟಿದ್ದಾರಂತೆ. ಇಷ್ಟು ದಿನದಲ್ಲಿ ನಾನೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಅರ್ಧ ಗಂಟೆಯ ಬ್ರೇಕ್ ಒಂದೂಕಾಲು ಗಂಟೆ ಆಯಿತು, ಮ್ಯಾನೇಜರ್ ಮುಖ ನೋಡಬೇಕಿತ್ತು.

ಘಟ್ಟದ ಕೆಳಗೆ (ಉತ್ತರ ಕನ್ನಡ):

ಅಕ್ಕಾ, ನಾನು ಅಮೆರಿಕ ನೋಡಿಲ್ಲ, ಯಲ್ಲಾಪುರದ ಕಡೆ ಶಾಲಾ ಶಿಕ್ಷಕಿಯಾಗಿದ್ದವಳು. ಆದರೂ ಇದರಲ್ಲಿ ಮಾತಾಡುವುದಕ್ಕೆ ಕಾರಣ ಇದೆ, ಕೌದಿ.

ಅಲಬಾಮಾದಲ್ಲಿ ಗೀಸ್ ಬೆಂಡ್ ಅಂತ ಒಂದು ಊರು, ಮೂರು ಕಡೆ ನದಿ. ಅಲ್ಲಿನ ಕಪ್ಪು ಹೆಂಗಸರು ಹಳೆಯ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಾರೆ. ನಮ್ಮ ಕಡೆಯಂತೆ ಚಳಿಗೆ ಹೊದೆಯಲು ಹೊಲಿದದ್ದು, ಗೋಡೆಗೆ ತೂಗುಹಾಕಲು ಅಲ್ಲ. ಹೊಲಿಯುವಾಗ ಹಾಡು, ಪ್ರಾರ್ಥನೆ, ಊರ ಸುದ್ದಿ ಎಲ್ಲಾ ನಡೆಯುತ್ತದೆ. 1942ರಲ್ಲಿ ಮಿಸೂರಿ ಪೆಟ್‌ವೇ ಎಂಬಾಕೆ ಗಂಡ ತೀರಿಕೊಂಡ ಮೇಲೆ ಅವನ ಹೊಲದ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ ಒಂದು ಕೌದಿ ಮಾಡಿದಳು, ಅವನ ನೆನಪನ್ನು ಹೊದ್ದು ಮಲಗಲು. ಬಿಸಿಲಿಗೆ ಮಾಸಿದ ನೀಲಿ, ಮೊಣಕಾಲ ಹತ್ತಿರ ಬೇರೆಯೇ ಬಣ್ಣ, ಕಿತ್ತ ಜೇಬಿನ ಕೆಳಗೆ ಮಾತ್ರ ಬಟ್ಟೆಯ ಮೂಲ ಬಣ್ಣ, ಹೀಗೆ ಒಬ್ಬ ರೈತನ ಮೈಯೇ ಅಂಥ ಕೌದಿಗಳಲ್ಲಿ ಕಾಣುತ್ತದೆ. ಈ ಊರಿನವರು ನದಿ ದಾಟಿ ಮತದಾನಕ್ಕೆ ಹೆಸರು ಬರೆಸಲು ಹೊರಟಾಗ, 1962ರಲ್ಲಿ ಬಿಳಿಯ ಅಧಿಕಾರಿಗಳು ದೋಣಿಯನ್ನೇ ನಿಲ್ಲಿಸಿಬಿಟ್ಟರು. ಅದು ಮತ್ತೆ ಶುರುವಾದದ್ದು 2006ರಲ್ಲಿ! ಅಷ್ಟರಲ್ಲಿ 1966ರಲ್ಲಿ ಹೆಂಗಸರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಕಟ್ಟಿ ಕೌದಿ ಮಾರಿ ಸಂಸಾರ ನಡೆಸಿದರು. 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನ ಆಯಿತು.

ಇನ್ನು ನಮ್ಮ ಸಿದ್ದಿಯರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ಕಡೆ ಇದ್ದಾರೆ. ಇವರ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದದ್ದು, ತಪ್ಪಿಸಿಕೊಂಡವರು ನಮ್ಮ ಕಾಡು ಸೇರಿದರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ, ನಂಟಸ್ತಿಕೆ ಮಾತ್ರ ಬಿಟ್ಟಿಲ್ಲ. ಇಲ್ಲಿಯ ಸಿದ್ದಿ ಹೆಂಗಸರೂ ಕೌದಿ ಹೊಲಿಯುತ್ತಾರೆ. ಹೊರಗಿನ ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಹೂವಿನ ಹಾಗೆ ‘ಫೂಲಾ’ ಇಡಲೇಬೇಕು, ಇಲ್ಲದಿದ್ದರೆ ಕೌದಿ ಬೆತ್ತಲೆ ಅನ್ನುತ್ತಾರೆ. ಕ್ರೈಸ್ತರ ಮನೆಯದಾದರೆ ಎಲ್ಲೋ ಒಂದು ಶಿಲುಬೆ, ಮುಸ್ಲಿಮರದ್ದಾದರೆ ಚಂದ್ರ. ಇವರ ಕೌದಿಗಳೂ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರ ಇತಿಹಾಸ, ಸಂಸ್ಕೃತಿಯ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನ ಕಂಡಿವೆ.

ಇಬ್ಬರದ್ದೂ ಒಂದೇ ಕತೆ ಅಂತ ನಾನು ಹೇಳುತ್ತಿಲ್ಲ, ಸಮುದ್ರ ಬೇರೆ, ಕಾಲ ಬೇರೆ. ಆದರೆ ಕನ್ನಡ, ಕೊಂಕಣಿ ಮಾತಾಡುವ ಆಫ್ರಿಕನ್ ಮೂಲದವರು ನಮ್ಮ ಪಕ್ಕದಲ್ಲೇ ಇದ್ದಾರೆ ಅಂತ ನಿಮ್ಮ ಗೆಳತಿಗೆ ಹೇಳಿ ನೋಡಿ. ಆಮೇಲೆ ಅವಳು ‘ಅವರನ್ನು ನಿಮ್ಮವರು ಹೇಗೆ ನೋಡಿಕೊಂಡರು’ ಅಂತ ಕೇಳುತ್ತಾಳೆ. ಅದಕ್ಕೆ ಉತ್ತರ ತಯಾರು ಮಾಡಿಕೊಂಡು ಹೋಗಿ. ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದೇ 2003ರಲ್ಲಿ. ನನ್ನ ತರಗತಿಯ ಸಿದ್ದಿ ಮಕ್ಕಳ ತಲೆಗೂದಲನ್ನು ಬೇರೆ ಮಕ್ಕಳು ಎಳೆದು ನೋಡುತ್ತಿದ್ದರು, ಬಸ್ಸಿನಲ್ಲಿ ಕಂಡಕ್ಟರ್ ‘ಎಲ್ಲಿಂದ ಬಂದಿರಿ’ ಅಂತ ಇಂಗ್ಲಿಷಿನಲ್ಲಿ ಕೇಳುತ್ತಿದ್ದ. ಅವರು ಹವ್ಯಕರ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು.

ನಾಸ್ತಿಕ ಶಾಸ್ತ್ರಿ (ಡಲ್ಲಾಸ್):

ಹೆಸರು ನೋಡಿದರೇ ಗೊತ್ತಾಗುತ್ತದೆ, ನನಗೆ ದೇವರ ಲೆಕ್ಕ ಇಲ್ಲ. ಆದರೂ ವರ್ಷಾ ವರ್ಷ ಜುನೆಟೀನ್‌ಗೆ, ಅಂದರೆ ಗುಲಾಮಗಿರಿಯಿಂದ ಬಿಡುಗಡೆಯ ಜೂನ್ 19ರ ಹಬ್ಬಕ್ಕೆ ತಪ್ಪದೆ ಹೋಗುತ್ತೇನೆ.

ಕೆಂಪು ಶರಬತ್ತು, ಕಲ್ಲಂಗಡಿ, ಸುಟ್ಟ ಮಾಂಸ, ಕೆಂಪು ವೆಲ್ವೆಟ್ ಕೇಕ್. ನಾನು ಸಸ್ಯಾಹಾರಿ, ಕಲ್ಲಂಗಡಿ ಮತ್ತು ಕೇಕಿನಲ್ಲೇ ಹೊಟ್ಟೆ ತುಂಬಿಸುತ್ತೇನೆ. ಹಬ್ಬದ ಹಿಂದೆ ಇರುವುದು ಸಿಟ್ಟು ಬರುವ ಕತೆ. ಗುಲಾಮರು ಸ್ವತಂತ್ರರು ಎಂಬ ಅಧ್ಯಕ್ಷ ಲಿಂಕನ್ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1ಕ್ಕೆ. ಅದರ ಹಿಂದಿನ ರಾತ್ರಿ ಚರ್ಚುಗಳಲ್ಲಿ ಜನ ಎದ್ದು ಕಾದರು, ಈಗಲೂ ಡಿಸೆಂಬರ್ 31ರ ರಾತ್ರಿ ‘ವಾಚ್ ನೈಟ್’ ಅಂತ ಚರ್ಚಿನಲ್ಲೇ ಹೊಸ ವರ್ಷ ಮಾಡುತ್ತಾರೆ. ನಮ್ಮ ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಸೈನ್ಯ ಬಂದು ಬಿಡುಗಡೆಯ ಆದೇಶ ಓದಿದ್ದು 1865ರ ಜೂನ್ 19ಕ್ಕೆ. ಎರಡೂವರೆ ವರ್ಷ ತಡ. ಫೋರ್ಟ್ ವರ್ತ್‌ನ ಓಪಲ್ ಲೀ ಅಜ್ಜಿ, ಶಾಲಾ ಶಿಕ್ಷಕಿಯಾಗಿದ್ದವರು, ಇದನ್ನು ರಾಷ್ಟ್ರೀಯ ರಜೆ ಮಾಡಬೇಕೆಂದು 2016ರಲ್ಲಿ, 89ನೇ ವಯಸ್ಸಿನಲ್ಲಿ ವಾಷಿಂಗ್ಟನ್ ಕಡೆಗೆ ನಡೆಯಲು ಹೊರಟರು. ಆ ಎರಡೂವರೆ ವರ್ಷದ ಲೆಕ್ಕಕ್ಕೆ ಊರೂರಲ್ಲಿ ಎರಡೂವರೆ ಮೈಲಿ ನಡಿಗೆ. 2021ರಲ್ಲಿ ರಜೆ ಆಯಿತು, ಸಹಿ ಹಾಕುವಾಗ ಅಜ್ಜಿ ಅಲ್ಲೇ ಇದ್ದರು.

ಟಾನಿಕ್ ಮಾಡಿಕೊಳ್ಳುವುದು ಸರಿಯಾ ಅಂತ ಕೇಳಿದಿರಿ. ನನ್ನ ಅಭಿಪ್ರಾಯ, ಅವರ ನೋವನ್ನು ಟಾನಿಕ್ ಮಾಡಿಕೊಳ್ಳಬೇಡಿ, ಅವರ ಖುಷಿಗೆ ಹೋಗಿ. ನಮ್ಮವರಿಗೆ ಕಪ್ಪು ಜನ ಅಂದರೆ ಒಂದೋ ಸಂಕಟ, ಇಲ್ಲ ಬ್ಯಾಸ್ಕೆಟ್‌ಬಾಲ್. ನಡುವೆ ಟೋಪಿ ಇದೆ, ಕೇಕ್ ಇದೆ, ಜಗಳ ಇದೆ, ಚರ್ಚಿನ ಹಾಡುವ ತಂಡದಲ್ಲಿ ಯಾರು ಮುಂದೆ ನಿಲ್ಲಬೇಕು ಅನ್ನುವ ರಾಜಕೀಯ ಇದೆ. ಮತ್ತೆ, ಗೆಳತಿಯನ್ನು ಇಡೀ ಜನಾಂಗದ ಮೇಷ್ಟ್ರು ಮಾಡಬೇಡಿ ದಯವಿಟ್ಟು. ಎಲ್ಲಾ ಪ್ರಶ್ನೆ ಅವಳಿಗೇ ಕೇಳಿದರೆ ಅವಳೂ ಸುಸ್ತಾಗುತ್ತಾಳೆ. ಆಬರ್ನ್ ಅವೆನ್ಯೂದಲ್ಲೇ ಈ ಇತಿಹಾಸಕ್ಕೆಂದೇ ಒಂದು ಸಾರ್ವಜನಿಕ ಲೈಬ್ರರಿ ಇದೆ, 1994ರಿಂದ. ಅಲ್ಲಿ ಹೋಗಿ ಓದಿ, ಅವಳ ಜೊತೆ ಊಟ ಮಾಡಿ.

ಕೆಂಡಸಂಪಿಗೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿದ್ದಿಯರ ಫೋಟೋ ತೋರಿಸಿದೆ. ಟೀಚರ್ ಹೇಳಿದ ಪ್ರಶ್ನೆಯನ್ನೇ ಕೇಳಿದಳು, ಅಕ್ಷರ ಹೆಚ್ಚುಕಮ್ಮಿ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ‘ಹ್ಮ್’ ಅಂದಳು, ಅಷ್ಟೇ. ಸಂಜೆ ಕೌದಿಯ ಲಿಂಕ್ ಅವಳೇ ಕೇಳಿ ತೆಗೆದುಕೊಂಡಳು.

ಬರುವ ಭಾನುವಾರ ಹೋಗುತ್ತಿದ್ದೇನೆ. ಆರಾಧನೆ ಮುಗಿದ ಮೇಲೆ ಎಲ್ಲರೂ ಒಂದೊಂದು ಅಡುಗೆ ತಂದು ಊಟ ಮಾಡುತ್ತಾರಂತೆ. ಪುಳಿಯೋಗರೆ ತೆಗೆದುಕೊಂಡು ಹೋಗಲಾ, ಕೇಸರಿಬಾತಾ? ಮುಂದಿನ ತಿಂಗಳು ಅವಳ ಜೊತೆ ಮಾಂಟ್‌ಗಮರಿಗೆ ಹೋಗುವ ಮಾತೂ ಆಗಿದೆ, ಅಲ್ಲಿ ಏನು ನೋಡಬೇಕು?

ದಾರಿಹೋಕ:

ಎರಡೂ ತಗೊಂಡು ಹೋಗು, ಕೇಸರಿಬಾತ್ ಮೊದಲು ಖಾಲಿ ಆಗುತ್ತದೆ. ಪುಳಿಯೋಗರೆಯಲ್ಲಿ ಶೇಂಗಾ ಇದ್ದರೆ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದು ಅಂಟಿಸು, ಇಲ್ಲಿ ಅಲರ್ಜಿ ಇರುವವರು ಬಹಳ.

ಮಾಂಟ್‌ಗಮರಿ ಕಾರಿನಲ್ಲಿ ಎರಡೂವರೆ ಗಂಟೆ. ಡೆಕ್ಸ್‌ಟರ್ ಅವೆನ್ಯೂ ಚರ್ಚ್ ನೋಡು, ಕಿಂಗ್ 1954ರಿಂದ ಅಲ್ಲಿ ಪಾದ್ರಿಯಾಗಿದ್ದರು. ಅದಕ್ಕಿಂತ ಮುಖ್ಯ ಅವರು ವಾಸವಿದ್ದ ಮನೆ, ಈಗ ಮ್ಯೂಸಿಯಂ. 1956ರ ಜನವರಿ ಕೊನೆಯ ವಾರದಲ್ಲಿ ಒಂದು ರಾತ್ರಿ ಕೊಲ್ಲುತ್ತೇವೆ ಅಂತ ಫೋನ್ ಬಂದಾಗ ನಿದ್ದೆ ಬಾರದೆ ಕಾಫಿ ಮಾಡಿಕೊಂಡು, ಇನ್ನು ನನ್ನಿಂದ ಆಗುವುದಿಲ್ಲ ಎಂದು ಪ್ರಾರ್ಥನೆ ಮಾಡಿದರಲ್ಲ, ಆ ಅಡುಗೆಮನೆ ಅಲ್ಲೇ ಇದೆ. ಮೂರು ದಿನಕ್ಕೆ ಅದೇ ಮನೆಯ ವರಾಂಡಕ್ಕೆ ಬಾಂಬ್ ಬಿತ್ತು, ಹೆಂಡತಿ ಮತ್ತು ಹಸುಗೂಸು ಒಳಗಿದ್ದರು, ಪುಣ್ಯಕ್ಕೆ ಏನೂ ಆಗಲಿಲ್ಲ. ಗುಲಾಮಗಿರಿ, ವರ್ಣಭೇದದ ಇತಿಹಾಸ ಹೇಳುವ, 2018ರಲ್ಲಿ ತೆರೆದ ಲೆಗಸಿ ಮ್ಯೂಸಿಯಂಗೆ ಅರ್ಧ ದಿನ ಬೇಕು, ಮಕ್ಕಳು ಚಿಕ್ಕವರಾದರೆ ಅದಕ್ಕೆ ಬೇಡ. ಅಲ್ಲಿ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ, ಬೆಳಿಗ್ಗೆ ಏಳಕ್ಕೆ ಹೊರಟರೆ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗುತ್ತದೆ. ಟಿಕೆಟ್ ಮೊದಲೇ ಮಾಡಿಸು.